ಬೇಲಿಯಾಚೆ ಕೇಳಿದ ಶಬ್ದ

ಪ್ರೀತಿಯ ಉಪ್ಪಾ,

ಶಾರ್ಜಾದಿಂದ ನೀವು ಈ ಮಗಳಿಗೆ ಬರೆಯುತ್ತಿದ್ದದ್ದು ಕನ್ನಡದಲ್ಲೇ. ಹಾಗಾಗಿ ಇದೂ ಕನ್ನಡದಲ್ಲೇ ಇರಲಿ.

ನೀವು ರಜೆಯಲ್ಲಿ ಮೊಗ್ರಾಲಿಗೆ ಬಂದಿದ್ದ ಆ ವರ್ಷ ನಾನು ಒಂಬತ್ತನೇ ತರಗತಿ. ವಿಜ್ಞಾನ ಮೇಳಕ್ಕೆ ರಾಕೆಟ್ ಮಾಡುತ್ತೇನೆ ಎಂದಾಗ ಉಮ್ಮ ನಕ್ಕರು. ನೀವು ನಗಲಿಲ್ಲ. ಏಸಿ ರಿಪೇರಿಯ ಕೈ ನಿಮ್ಮದು. ಜ್ಯೂಸ್ ಬಾಟಲಿಗೆ ಅಡಿಕೆ ಹಾಳೆಯ ರೆಕ್ಕೆ ಅಂಟಿಸಿ, ಬಾಯಿಗೆ ಬಿರಡೆ ಹಾಕಿ, ಅದರೊಳಗೆ ಸೈಕಲ್ ಪಂಪಿನ ಸೂಜಿ ತೂರಿಸಿದಿರಿ. "ಒಳಗೆ ನೀರು, ಮತ್ತೆ ಗಾಳಿ. ಬೇರೆಂತ ಬೇಡ ಮೋಳೇ."

ಅಂಗಳದಲ್ಲಿ ಪರೀಕ್ಷೆ ಮಾಡುವಾಗ ಒಂದು ಬಾಟಲಿ ಢಂ ಎಂದು ಒಡೆಯಿತು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಇಬ್ಬರೂ ಒದ್ದೆಯಾಗಿ ಎಷ್ಟು ನಕ್ಕೆವು! ಅಂಥ ನಗುವನ್ನು ಮತ್ತೆ ನಿಮ್ಮ ಮುಖದಲ್ಲಿ ನಾನು ನೋಡಲಿಲ್ಲ.

ಜೀಪು ಬಂದಾಗ ನೀವಿನ್ನೂ ಅಂಗಿ ಬದಲಿಸಿರಲಿಲ್ಲ. ಒಬ್ಬ ಪೊಲೀಸ್ ಬಾಟಲಿಯನ್ನು ಮೂಸಿ ನೋಡಿದ.

"ಇದೆಂತದು?"

"ನೀರು ಸಾರ್. ಮಗಳ ಶಾಲೆಯ ರಾಕೆಟ್."

"ನೀರಿಗೆ ಇಷ್ಟು ಶಬ್ದ ಉಂಟಾ? ಗಲ್ಫಲ್ಲಿ ಯಾರೊಟ್ಟಿಗೆ ಇರುವುದು ನೀನು?"

ಅದೇ ಒದ್ದೆ ಅಂಗಿಯಲ್ಲಿ ನಿಮ್ಮನ್ನು ಕರೆದುಕೊಂಡು ಹೋದರು. ಸಂಜೆ ಬಿಟ್ಟರು. ಎಂತ ಕೇಳಿದರು ಎಂದು ನಾನು ಕೇಳಿದ್ದಕ್ಕೆ, "ಎಂತ ಇಲ್ಲ, ಚಾ ಮಾಡು" ಎಂದಿರಿ. ನಿಜವಾಗಿ ಏನು ಕೇಳಿದರು ಉಪ್ಪಾ? ಬರೀ ಕೇಳಿದರೇ, ಅಥವಾ...

ಮರುದಿನ ನಾನು ಎಲ್ಲವನ್ನೂ ಎಸೆಯಲು ಹೊರಟಾಗ ನೀವು ತಡೆದಿರಿ. "ಮೇಳಕ್ಕೆ ಕೊಂಡುಹೋಗು. ನಾವೆಂತ ತಪ್ಪು ಮಾಡಿದ್ದು?" ಶಾಲೆಯ ಮೈದಾನದಲ್ಲಿ ರಾಕೆಟ್ ಹಾರಿತು. ಎಲ್ಲರೂ ಆಕಾಶ ನೋಡುತ್ತಿದ್ದರು. ನೀವು ಮಾತ್ರ ನೋಡುವವರ ಮುಖಗಳನ್ನು ನೋಡುತ್ತಿದ್ದಿರಿ.

ಗಲ್ಫ್ ಬಿಟ್ಟು ಊರಲ್ಲೇ ನಿಂತ ಮೇಲೆ ನಿಮಗೊಂದು ಅಭ್ಯಾಸ ಬಂತು. ಮನೆಯಲ್ಲಿ ಏನೇ ಸದ್ದಾಗಲಿ, ಬೇಲಿಯ ಬಳಿ ಹೋಗಿ ಪಕ್ಕದ ಮನೆಯ ಗಂಗಾಧರಣ್ಣನಿಗೆ ಹೇಳುತ್ತಿದ್ದಿರಿ: "ಕುಕ್ಕರ್ ಮಾರಾಯ, ಬೇರೆಂತ ಅಲ್ಲ." ತೆಂಗಿನಕಾಯಿ ಬಿದ್ದರೂ ಹೇಳುತ್ತಿದ್ದಿರಿ. ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಮನೆಯ ಸದ್ದಿಗೆ ನಾವೇಕೆ ಲೆಕ್ಕ ಕೊಡಬೇಕು?

ಕಳೆದ ವಾರ, ನೀವು ತೀರಿಕೊಂಡು ಇಷ್ಟು ಕಾಲದ ಮೇಲೆ, ಗಂಗಾಧರಣ್ಣ ನಮ್ಮ ಜಗಲಿಗೆ ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಅವತ್ತು ಪೊಲೀಸಿಗೆ ಫೋನ್ ಮಾಡಿದ್ದು ನಾನು. ಶಬ್ದ ಕೇಳಿ ಹೆದರಿಕೆ ಆಯ್ತು. ನಿನ್ನ ಅಪ್ಪನತ್ರ ಹೇಳಿಬಿಡುವ ಅಂತ ಎಷ್ಟು ಸಲ ಬೇಲಿವರೆಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಅವನು 'ಕುಕ್ಕರ್' ಅಂತ ಹೇಳ್ತಿದ್ದ. ಮತ್ತೆ ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ."

ಇದು ನಿಮಗೆ ಗೊತ್ತಿತ್ತೇ ಉಪ್ಪಾ? ಗೊತ್ತಿದ್ದೂ ದಿನಾ ಅವರ ಎದುರಲ್ಲೇ ನಿಂತು 'ಕುಕ್ಕರ್' ಎನ್ನುತ್ತಿದ್ದಿರೇ?

ಅವರ ಮೊಮ್ಮಗಳು ಶ್ರಾವ್ಯ ನನ್ನದೇ ತರಗತಿಯಲ್ಲಿದ್ದಾಳೆ. ಹೌದು, ನಾನೀಗ ವಿಜ್ಞಾನದ ಟೀಚರ್. ಅದೂ ನಿಮಗೆ ತಿಳಿಯದ ಸುದ್ದಿ. ಈ ಸಲದ ಮೇಳಕ್ಕೆ ಅವಳಿಗೆ ರಾಕೆಟ್ ಮಾಡಬೇಕಂತೆ. "ನೀನು ಹೇಳಿಕೊಟ್ಟರೆ..." ಎಂದು ಮಾತು ಅರ್ಧಕ್ಕೇ ಬಿಟ್ಟು ಅವರು ಹೊರಟುಹೋದರು.

ಅವರನ್ನು ಕ್ಷಮಿಸಿದ್ದೇನೆಯೇ? ಗೊತ್ತಿಲ್ಲ. ಆದರೆ ಮಗುವಿಗೆ ಶನಿವಾರ ಬಾ ಎಂದಿದ್ದೇನೆ. ನಮ್ಮ ಅಂಗಳದಲ್ಲೇ ಪರೀಕ್ಷೆ ಮಾಡುತ್ತೇವೆ. ಬಾಟಲಿ ಒಡೆದರೆ ಒಡೆಯಲಿ, ಊರಿಗೆಲ್ಲ ಕೇಳಲಿ. ನಾನು ಮಾತ್ರ ಬೇಲಿಯ ಬಳಿ ಹೋಗುವುದಿಲ್ಲ, ಉಪ್ಪಾ.

ನಿಮ್ಮ ಮಗಳು,
ಸಮೀನಾ