ಐದು ಗಂಟೆಗೆ ಏಳುವ ಬಲಗೈ

ನಮ್ಮ ಸೇನಾ ನೆಲೆಯ ಮಾನ್ಯ ಕಮಾಂಡರ್ ಅವರೇ,

ನನ್ನ ಮಗಳು ಕೋರಾ ತನ್ನ ಸ್ವಂತ ಪಿಸ್ತೂಲನ್ನು ನೆಲೆಯೊಳಗೆ ಸೊಂಟದಲ್ಲಿಟ್ಟುಕೊಂಡು ಓಡಾಡಲು ಅನುಮತಿ ಕೇಳಿ ನಿಮಗೆ ಅರ್ಜಿ ಹಾಕಿದ್ದಾಳೆ. ದಯವಿಟ್ಟು ಅದನ್ನು ತಿರಸ್ಕರಿಸಿ. ನಾನು ಹೇಳಬೇಕಾದದ್ದು ಇಷ್ಟೇ. ಊರಿನ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆಂದರೆ, ನಿಮ್ಮ ಕಚೇರಿಗೇ ನೇರವಾಗಿ ಬರೆದಾಗ ‘ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು’ ಎಂದು ಉತ್ತರ ಬಂತು. ನಾನು ದುಃಖದ ಬಗ್ಗೆ ಬರೆದಿರಲಿಲ್ಲ, ಅರ್ಜಿಯ ಬಗ್ಗೆ ಬರೆದಿದ್ದೆ.

ನಾನು ಯಾರೆಂದು ನಿಮಗೆ ಗೊತ್ತು. ಓದುಗರಿಗಾಗಿ ಹೇಳುತ್ತೇನೆ: ನೆಲೆಯ ಕ್ಷೌರದಂಗಡಿಯ ಮರ್ಲಾ. ಹದಿನೈದು ದಿನಕ್ಕೊಮ್ಮೆ ನಿಮ್ಮ ತಲೆ ನನ್ನ ಕೈಗೆ ಬರುತ್ತದೆ. ಕಳೆದ ಸಲ ನಿಮ್ಮ ಕುತ್ತಿಗೆಯ ಹಿಂದೆ ಕತ್ತಿ ಆಡಿಸುತ್ತಿದ್ದಾಗ ನೀವಾಗಿಯೇ ಹೇಳಿದಿರಿ, “ನಿಮ್ಮಂಥೋರ ರಕ್ಷಣೆಗೇ ಮರ್ಲಾ ಅವರೇ, ಈ ಪಿಸ್ತೂಲಿನ ನಿಯಮ.” ನಾನು, “ಸ್ವಲ್ಪ ತಲೆ ಬಗ್ಗಿಸಿ ಸರ್” ಎಂದೆ. ಬಗ್ಗಿಸಿದಿರಿ. ಆ ಕತ್ತಿಯನ್ನು ದಿನಾ ಸಂಜೆ ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆಂಬುದು ನಿಮ್ಮದೇ ನಿಯಮ. ಸರ್ಕಾರ ಕೊಟ್ಟ ಬಂದೂಕುಗಳೂ ಶಸ್ತ್ರಾಗಾರದಲ್ಲಿ ಬೀಗದೊಳಗೇ ಇರುತ್ತವೆ. ಮೇಲಿನವರ ಸಹಿಯಿಲ್ಲದೆ ಸೈನಿಕ ಅವನ್ನು ಮುಟ್ಟುವಂತಿಲ್ಲ. ಕೊಟ್ಟ ಬಂದೂಕಿನ ವಿಷಯದಲ್ಲಿ ಅವನನ್ನು ನಂಬದ ತಾವು, ಅವನು ಪೇಟೆಯಲ್ಲಿ ಕೊಂಡುತಂದ ಪಿಸ್ತೂಲಿನ ವಿಷಯದಲ್ಲಿ ಮಾತ್ರ ಕಣ್ಣುಮುಚ್ಚಿ ನಂಬುವುದು ಹೇಗೆ? ಕತ್ತಿ ಹಿಡಿಯುವವಳಿಗಿಂತ ಪಿಸ್ತೂಲು ಹಿಡಿಯುವವನೇ ಸಾಧುವೆಂದು ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?

ಹೋದ ವಸಂತದಲ್ಲಿ ಈ ನಿಯಮವನ್ನು ಪ್ರಯೋಗವೆಂದು ತಂದಿರಿ. ನನ್ನ ಗಂಡ, ಸಾರ್ಜೆಂಟ್ ವೆಂಡೆಲ್, ಮೊದಲ ವಾರವೇ ಅನುಮತಿ ಪಡೆದರು. ಅವರು ಹಟಮಾರಿಯಾಗಲಿ ಹುಂಬರಾಗಲಿ ಆಗಿರಲಿಲ್ಲ. ಬೇರೆ ನೆಲೆಯೊಂದರಲ್ಲಿ ಅವರ ಗೆಳೆಯನೊಬ್ಬ ಊಟದ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದಾಗ ಯಾರೋ ಒಬ್ಬ ನುಗ್ಗಿ ಗುಂಡು ಹಾರಿಸಿ ಅವನನ್ನು ಕೊಂದಿದ್ದ. “ಯುದ್ಧಕ್ಕೆ ಹೋದಾಗ ಕೈಗೆ ಕೊಡ್ತಾರೆ, ಮನೆಗೆ ಬಂದ್ರೆ ಕಿತ್ಕೋತಾರೆ. ಇದ್ಯಾವ ನ್ಯಾಯ ಹೇಳು?” ಎನ್ನುತ್ತಿದ್ದರು. ಆ ಗೆಳೆಯನ ಹೆಂಡತಿ ಇವತ್ತು ಎದುರು ಕೂತು ಅದನ್ನೇ ಕೇಳಿದರೆ ಅನ್ಯಾಯವೆಂದೇ ಒಪ್ಪುತ್ತೇನೆ. ಹಾಗಾಗಿ ನಿಮ್ಮ ಪಕ್ಷದಲ್ಲಿ ಹುರುಳೇ ಇಲ್ಲವೆಂದು ನಾನು ವಾದಿಸುತ್ತಿಲ್ಲ.

ಅಂದು ಶುಕ್ರವಾರ. ವೆಂಡೆಲ್ ನೆಲೆಯ ದಿನಸಿ ಅಂಗಡಿಯ ಮುಂದಿನ ಮೈದಾನದಲ್ಲಿ ಕಾರಿನ ಡಿಕ್ಕಿಗೆ ಸಾಮಾನು ತುಂಬುತ್ತಿದ್ದರು. ಪಕ್ಕದಲ್ಲಿದ್ದ ಲಾರಿಯ ಟೈರು ಸಿಡಿಯಿತು. ಅದು ಟೈರೆಂದು ತಿಳಿಯುವ ಮೊದಲೇ ಯಾರೋ “ಗುಂಡು! ಗುಂಡು ಹಾರಿಸ್ತಿದ್ದಾರೆ!” ಎಂದು ಕಿರುಚಿದರು. ಆ ಮೈದಾನದಲ್ಲಿದ್ದ ಎಷ್ಟೋ ಜನ ಒಳ್ಳೆಯವರು ಒಟ್ಟಿಗೇ ಪಿಸ್ತೂಲು ತೆಗೆದರು. ಎಲ್ಲರ ಮೈಮೇಲೂ ಒಂದೇ ಸಮವಸ್ತ್ರ. ಒಳ್ಳೆಯವರಾರು, ಕೆಟ್ಟವರಾರು ಎಂದು ಹೇಗೆ ಗುರುತಿಸುವುದು? ಕಾವಲಿಗಿದ್ದ ಸೇನಾ ಪೊಲೀಸನ ಕಣ್ಣಿಗೆ ಬಿದ್ದದ್ದು ವೆಂಡೆಲ್. ಆ ಹೊತ್ತಿಗೆ ಸಂಜೆ ಐದು ಗಂಟೆಯಾಯಿತು.

ನೆಲೆಯಲ್ಲಿ ಐದು ಗಂಟೆಯೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಂಬಕಂಬದ ಧ್ವನಿವರ್ಧಕದಲ್ಲಿ ಕಹಳೆ ಮೊಳಗುತ್ತದೆ, ಧ್ವಜ ಇಳಿಯುತ್ತದೆ. ಕಾರಿನಲ್ಲಿದ್ದವರು ಇಳಿದು ನಿಲ್ಲುತ್ತಾರೆ. ಸಮವಸ್ತ್ರದಲ್ಲಿದ್ದವರ ಬಲಗೈ ಹಣೆಗೇರುತ್ತದೆ, ಉಳಿದವರದು ಎದೆಗೆ. ಯೋಚಿಸಿ ಎತ್ತುವುದಲ್ಲ, ಅದಾಗಿಯೇ ಏಳುತ್ತದೆ. ಹೊಸಬರನ್ನು ವಾರಗಟ್ಟಲೆ ಬೈದು, ಬೆವರಿಳಿಸಿ ತಾವು ಕಲಿಸುವುದೇ ಅದನ್ನು. ವೆಂಡೆಲ್ ಆಯುಷ್ಯದ ಅರ್ಧ ಹಾಗೆ ಕೈಯೆತ್ತಿದವರು. ಅಂದೂ ಧ್ವಜದ ಕಡೆ ತಿರುಗಿದರು, ಕೈ ಎದ್ದಿತು. ಕೈಯಲ್ಲಿ ಪಿಸ್ತೂಲಿತ್ತು.

ನಾನು ದಿನಸಿ ಅಂಗಡಿಯ ಬಾಗಿಲಲ್ಲಿ ಎದೆಯ ಮೇಲೆ ಕೈಯಿಟ್ಟು ನಿಂತಿದ್ದೆ, ಧ್ವಜದ ಕಡೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ. ಹಿಂದೆ ಗುಂಡಿನ ಸದ್ದು ಕೇಳಿಸಿತು. ತಿರುಗಲಿಲ್ಲ. ಕಹಳೆ ಮುಗಿಯುವವರೆಗೂ ನಾನು ತಿರುಗಲಿಲ್ಲ ಸ್ವಾಮಿ. ಮುಗಿದ ಮೇಲೆ ತಿರುಗಿದೆ.

ಆ ಪೊಲೀಸನ ಹೆಸರು ಡಿಲ್ಲನ್. ತನಿಖೆ ಮುಗಿದ ಮೇಲೆ ಒಂದು ದಿನ ನನ್ನ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತ.

“ಮೇಡಂ, ನಾನ್ಯಾರು ಅಂತ ಗೊತ್ತಾ?”

“ಗೊತ್ತಪ್ಪ. ಕೂತ್ಕೋ.”

“ಕೆಳಗೆ ಹಾಕಿ ಅಂತ ಕೂಗ್ದೆ ಮೇಡಂ. ಗಂಟಲು ಹರಿಯೋ ಹಾಗೆ ಕೂಗ್ದೆ. ಸ್ಪೀಕರ್ ಕಂಬ ಅವರ ತಲೆ ಮೇಲೇ ಇತ್ತು, ಕಹಳೆ ಸದ್ದಲ್ಲಿ ಅವರಿಗೆ ಕೇಳಿಸ್ಲಿಲ್ಲ.”

“ಬದಿಯಲ್ಲಿ ಕೂದಲು ಎಷ್ಟು ಬಿಡ್ಲಿ?”

“ನೀವು ಬೈದ್ರೂ ಪರವಾಗಿಲ್ಲ ಮೇಡಂ.”

“ತಲೆ ಅಲ್ಲಾಡಿಸ್ಬೇಡ, ಕಿವಿ ಕುಯ್ದೀತು.”

ಅವನ ಹೆಗಲು ಕುಲುಕುತ್ತಿತ್ತು. ನಿಲ್ಲುವವರೆಗೆ ಕಾದು, ಆಮೇಲೆ ಕತ್ತರಿ ಆಡಿಸಿದೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಈಗಲೂ ಬರುತ್ತಿಲ್ಲ. ಊಟ ಮಾಡುತ್ತೇನೆ, ರುಚಿ ತಿಳಿಯುವುದಿಲ್ಲ. ತನಿಖಾ ವರದಿ ‘ಎಲ್ಲರೂ ನಿಯಮಾನುಸಾರ ನಡೆದುಕೊಂಡಿದ್ದಾರೆ’ ಎಂದಿತು. ನಿಜ, ವೆಂಡೆಲ್ ನಿಯಮದಂತೆ ಪಿಸ್ತೂಲು ಇಟ್ಟುಕೊಂಡರು, ನಿಯಮದಂತೆ ವಂದಿಸಿದರು. ಡಿಲ್ಲನ್ ನಿಯಮದಂತೆ ಗುಂಡು ಹಾರಿಸಿ ಅವರನ್ನು ಕೊಂದ. ತಪ್ಪು ಮಾಡಿದವರು ಯಾರೂ ಇಲ್ಲದ ಮೇಲೆ ಪ್ರಯೋಗ ಯಶಸ್ವಿ ಎಂದಾಯಿತು. ತಾವು ಅದನ್ನು ಕಾಯಂ ಮಾಡಿದಿರಿ. ಇನ್ನು ಮುಂದೆ ಕೇಳಿದವರಿಗೆಲ್ಲ ಅನುಮತಿ. ಕೊಡಬೇಕಾದರೆ ಕಾರಣ ಬೇಕಾಗಿಲ್ಲ, ಕೊಡದಿದ್ದರೆ ಮಾತ್ರ ತಾವು ಕಾರಣ ಬರೆಯಬೇಕು. ಎಂಥ ಔದಾರ್ಯ!

ಪಿಸ್ತೂಲು ನಮಗೆ ವಾಪಸು ಬಂತು. ಕೋರಾ ಇಟ್ಟುಕೊಂಡಳು. ಅವಳೂ ಇಲ್ಲೇ ಸೈನಿಕೆ, ವಾಹನ ರಿಪೇರಿಯ ವಿಭಾಗದಲ್ಲಿದ್ದಾಳೆ. ಅರ್ಜಿ ಹಾಕಿದ ವಿಷಯವನ್ನು ಮೊನ್ನೆ ಸಂಜೆ ನೆಲೆಯೊಳಗೆ ನಾನು ಕಾರು ಓಡಿಸುತ್ತಿದ್ದಾಗ ಹೇಳಿದಳು, ಅದೂ ಬಾಯಲ್ಲಿ ತಿಂಡಿ ಇಟ್ಟುಕೊಂಡು. ಜೋಳದ ಹಿಟ್ಟಿನಲ್ಲಿ ಕರಿದು ಕಡ್ಡಿಗೆ ಚುಚ್ಚಿದ ಸಾಸೇಜು, ಮೇಲೆ ಸುರಿಯುವಷ್ಟು ಸಾಸಿವೆ ಗೊಜ್ಜು. ಅಪ್ಪನಿಗೂ ಅದೇ ಹುಚ್ಚು.

“ಅದು ಅಪ್ಪಂದು ಕಣಮ್ಮ. ಬೀರುನಲ್ಲಿಟ್ಟು ತುಕ್ಕು ಹಿಡಿಸ್ಲಾ?”

“ಹಿಡೀಲಿ ಬಿಡು.”

“ಹೆದರಿಕೊಂಡು ಬದುಕೋಕಾಗಲ್ಲ ನಂಗೆ. ಇನ್ಯಾವನೋ ಕೆಟ್ಟೋನು ನಿಜವಾಗ್ಲೂ ಬಂದ್ರೆ? ನಿನ್ನ ಕತ್ತರಿ ಹಿಡ್ಕೊಂಡು ಓಡ್ಲಾ?”

“ನಿಮ್ಮಪ್ಪನೂ ಹಿಂಗೇ ಹೇಳ್ತಿದ್ರು.”

“ನಾನು ಅಪ್ಪನಷ್ಟು ಮಂಕಲ್ಲ. ಕೈಲಿ ಏನಿದೆ ಅಂತ ನೋಡ್ಕೊಳ್ಳೋ ಬುದ್ಧಿ ಇದೆ ನಂಗೆ!”

ಅಷ್ಟರಲ್ಲಿ ಕಹಳೆ ಮೊಳಗಿತು. ಕಾರು ನಿಲ್ಲಿಸಿದೆ, ಇಬ್ಬರೂ ಇಳಿದೆವು. ಜಗಳದ ಬಿಸಿ ಇನ್ನೂ ಆರಿರಲಿಲ್ಲ. ಕೋರಾ ಧ್ವಜದ ಕಡೆ ತಿರುಗಿ ನೆಟ್ಟಗೆ ನಿಂತಳು. ಬಲಗೈ ಎದ್ದಿತು. ಕೈಯಲ್ಲಿ ಅರ್ಧ ತಿಂದ ಆ ಕಡ್ಡಿ ಹಾಗೇ ಇತ್ತು. ಸಾಸಿವೆ ಗೊಜ್ಜು ಟೋಪಿಗೆ ತಗುಲಿ ಹುಬ್ಬಿನ ಮೇಲೆ ಇಳಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಕಣ್ಣು ಧ್ವಜದ ಮೇಲಿತ್ತು. ಕಹಳೆ ಮುಗಿದ ಮೇಲೆ ಕೈಯನ್ನು ನೋಡಿಕೊಂಡಳು. ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆದರೆ ಅರ್ಜಿಯನ್ನು ಅವಳು ವಾಪಸು ಪಡೆದಿಲ್ಲ. ಅವಳು ಅವರಪ್ಪನ ಮಗಳು.

ಆದ್ದರಿಂದ ಮಾನ್ಯರೇ, ನಿಯಮ ಬದಲಿಸಿ ಎಂದು ಕೇಳುವಷ್ಟು ಕಸುವು ನನ್ನಲ್ಲಿ ಉಳಿದಿಲ್ಲ. ಒಂದೇ ಒಂದು ಅರ್ಜಿಯನ್ನು ತಿರಸ್ಕರಿಸಿ. ಕಾರಣ ಬರೆಯಬೇಕೆಂಬ ತೊಂದರೆಯನ್ನೂ ತಮಗೆ ಕೊಡುವುದಿಲ್ಲ, ನಾನೇ ಬರೆದುಕೊಡುತ್ತೇನೆ, ನಕಲು ಮಾಡಿಕೊಳ್ಳಿ: ‘ಅರ್ಜಿದಾರಳ ಬಲಗೈ ಅರ್ಜಿದಾರಳ ಮಾತು ಕೇಳುವುದಿಲ್ಲ. ಕೇಳದಂತೆ ನಾವೇ ಕಲಿಸಿದ್ದೇವೆ.’

ಕೆಳಗೆ ತಮ್ಮ ಸಹಿ ಮಾಡಿ. ಬಲಗೈಯಿಂದಲೇ ಮಾಡಿ.

ಇಂತಿ, ಮುಂದಿನ ಸಲವೂ ತಮ್ಮ ಕುತ್ತಿಗೆಯ ಹಿಂದೆ ಕೈ ನಡುಗದೆ ಕತ್ತಿ ಹಿಡಿಯಲಿರುವ,
ಮರ್ಲಾ
(ಸಾರ್ಜೆಂಟ್ ವೆಂಡೆಲ್ ಅವರ ಹೆಂಡತಿ, ಸದ್ಯಕ್ಕೆ ಕೋರಾಳ ತಾಯಿ)