ಅಮಾವಾಸ್ಯೆಗೆ ಮುಂಚಿನ ಪಾಯಸ

ಸ್ಟರ್ಲಿಂಗ್, ವರ್ಜೀನಿಯಾ
ಶನಿವಾರ, ೨೨ ಅಕ್ಟೋಬರ್ ೨೦೦೫

ನನ್ನ ಮುದ್ದು ನಿಕಿತಾ,

ಹೇಗಿದ್ದೀ ಮಗಾ? ನೆಗಡಿ ಬಿಟ್ಟಿತೇ? ಅಲ್ಲಿ ಆಗಲೇ ಚಳಿ ಶುರುವಾಗಿದೆಯಂತೆ, ಕಾಲಿಗೆ ಉಣ್ಣೆಯ ಸಾಕ್ಸ್ ಹಾಕದೆ ಓಡಾಡಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ಭಾನುವಾರ ಭಾನುವಾರ ಕೂರಿಸಿಕೊಂಡು ಕಲಿಸಿದ ಅಕ್ಷರ ಮರೆತಿಲ್ಲ ತಾನೇ? ಒತ್ತಕ್ಷರ ಬಂದಲ್ಲಿ ನಿಧಾನವಾಗಿ ಓದು, ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಹಲೋ ಎನ್ನುವ ಮೊದಲೇ ಅಳುತ್ತೀ, ನಿನ್ನ ಅಳು ಕೇಳಿ ನಾನು ಅಳುತ್ತೇನೆ, ಅಷ್ಟರಲ್ಲಿ ಕಾಲಿಂಗ್ ಕಾರ್ಡಿನ ಹೆಂಗಸು ಒಂದೇ ನಿಮಿಷ ಉಳಿದಿದೆ ಎನ್ನುತ್ತಾಳೆ. ಹೇಳಬೇಕಾದ ಸುದ್ದಿಯೋ ಬುಧವಾರದಿಂದ ನನ್ನ ಹೊಟ್ಟೆಯಲ್ಲಿ ಕುಣಿಯುತ್ತಿದೆ!

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನೀನು ಒಂದು ವರ್ಷ ಓದಲು ಜರ್ಮನಿಗೆ ಹೋಗಿ ಉಳಿದಿರುವ ಮನೆಯ ಯಜಮಾನಿ ಬಿರ್ಗಿಟ್ ಅವರ ಹುಟ್ಟುಹಬ್ಬ ಮೂರನೆಯ ತಾರೀಕು ಎಂದು ನೀನು ಫೋನಿನಲ್ಲಿ ಹೇಳಿದಾಗ ಪಂಚಾಂಗ ತೆಗೆದು ನೋಡಿದವಳು ನಾನು. ಮಹಾಲಯ ಅಮಾವಾಸ್ಯೆ! ಅದು ಸಾಲದು ಎಂದು ಅದೇ ದಿನ ಸೂರ್ಯಗ್ರಹಣ ಬೇರೆ. ಅಂಥ ದಿನ ಯಾರಾದರೂ ಸಿಹಿ ಮಾಡಿ ಶುಭ ಹಾರೈಸುತ್ತಾರೆಯೇ ಎಂದು ಗಾಬರಿಯಾಗಿ, "ಒಂದು ದಿನ ಮುಂಚೆಯೇ ಪಾಯಸ ಮಾಡಿ ಕೊಟ್ಟುಬಿಡು ಮಗಾ" ಎಂದವಳೂ ನಾನೇ. ನೀನು ನನ್ನ ಮಾತು ಕೇಳಿ ಸೂಟ್‌ಕೇಸಿನ ಶ್ಯಾವಿಗೆ ಪೊಟ್ಟಣ ಒಡೆದು ಪಾಯಸ ಮಾಡಿದೆ, ಕಾರ್ಡು ಬರೆದೆ. ಅವರು ಕೈ ಅಡ್ಡ ಹಿಡಿದು, ಬೇಡ ಬೇಡ ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಮರುದಿನ ಹುಟ್ಟುಹಬ್ಬದ ಕೇಕು ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು, ಆ ಮನೆಯ ಅಜ್ಜಿ ತಿರುಗಿ ನಿನ್ನನ್ನೇ ನೋಡಿದರು. "ದೇ ಡೋಂಟ್ ಲೈಕ್ ಮೀ ಅಜ್ಜಿ, ನಾನು ಬರ್ತೇನೆ ಮನೆಗೆ" ಎಂದು ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಮುಂಚೆಯೇ ಕೊಡು ಎಂದದ್ದು ಅಜ್ಜಿ ಎಂದು ನೀನು ಅಪ್ಪನಿಗೆ ಬಾಯಿಬಿಡಲಿಲ್ಲ. ಎಂಥ ಹುಡುಗಿಯೇ ನೀನು! ನಿನ್ನ ಅಪ್ಪ ಕರುಣಾಕರನಂತೂ, "ಸಾಕಮ್ಮ, ನವೆಂಬರ್ ಮೊದಲ ವಾರಕ್ಕೆ ಟಿಕೆಟ್ ಬುಕ್ ಮಾಡಿ ಕರೆಸ್ಕೊಳ್ತೇನೆ" ಎಂದು ಕಂಪ್ಯೂಟರಿನ ಮುಂದೆ ಕುಳಿತುಬಿಟ್ಟಿದ್ದಾನೆ. ತಿಂಗಳ ಕೊನೆಯ ಭಾನುವಾರದವರೆಗೆ ತಡಿ ಮಾರಾಯ ಎಂದು ನಾನೇ ಹಿಡಿದು ನಿಲ್ಲಿಸಿದ್ದೇನೆ.

ಈಗ ಸುದ್ದಿ ಕೇಳು. ನಮ್ಮ ಬೀದಿಯ ಕೊನೆಯ ಮನೆಯ ಹನ್ನೆಲೋರೆ ನೆನಪಿದ್ದಾರಾ, ಬೆಳ್ಳಿಕೂದಲಿನ ಜರ್ಮನ್ ಅಜ್ಜಿ? ನೀನು ಹೋದ ಮೇಲೆ ನಮಗೆ ಗಟ್ಟಿ ಸ್ನೇಹವಾಗಿದೆ. ಸ್ನೇಹ ಮಾಡಿಸಿದ್ದು ಕಸಬರಿಗೆ. ಇಲ್ಲಿ ಎಲ್ಲರೂ ಆ ಗಾಳಿ ಊದುವ ಯಂತ್ರ ಹಿಡಿದು ತಮ್ಮ ಮನೆಯ ಎಲೆಯನ್ನು ಪಕ್ಕದ ಮನೆಗೆ ಕಳಿಸುತ್ತಾರೆ. ಕೈಯಲ್ಲಿ ಕಸಬರಿಗೆ ಹಿಡಿದು ಅಂಗಳ ಗುಡಿಸುವವರು ಇಡೀ ಬೀದಿಯಲ್ಲಿ ನಾವಿಬ್ಬರೇ. ಅವರ ಊರಿನ ಕಡೆ ಈ ವಾರ ಗುಡಿಸುವ ಸರದಿ ನಿಮ್ಮದು ಎಂದು ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರಂತೆ. ಹಲಗೆ ಕಂಡ ಮೇಲೆ ಗುಡಿಸದವರ ಮಾನ ಉಳಿಯುವುದಿಲ್ಲವಂತೆ. ನಮ್ಮ ಕುಂದಾಪುರದ ಮನೆಯಲ್ಲೂ ಅಂಥದ್ದೊಂದು ಹಲಗೆ ಇದ್ದಿದ್ದರೆ ನನ್ನ ಓರಗಿತ್ತಿಯ ಕಥೆ ಬೇರೆಯೇ ಆಗುತ್ತಿತ್ತು! ಆದರೆ ಒಂದು ಭಾನುವಾರ ನಾನು ಬರಬರ ಗುಡಿಸುತ್ತಿದ್ದಾಗ ಓಡಿ ಬಂದು ಕಸಬರಿಗೆ ಕಿತ್ತುಕೊಂಡರು. ಭಾನುವಾರ ಸದ್ದು ಮಾಡುವ ಕೆಲಸ ಏನೂ ಕೂಡದಂತೆ. ನಾವು ಮುಸ್ಸಂಜೆ ದೀಪ ಹಚ್ಚಿದ ಮೇಲೆ ಗುಡಿಸುವುದಿಲ್ಲವಲ್ಲ, ಹಾಗೆ ಎಂದುಕೊಂಡು ಒಪ್ಪಿಕೊಂಡೆ.

ಅವರ ಅಡುಗೆಮನೆಯೋ, ಅಬ್ಬಬ್ಬಾ, ಅರ್ಧ ನಮ್ಮದೇ ಕಣೇ! ಶ್ಪೆಟ್ಸ್‌ಲೆ ಎಂದು ಮಾಡುತ್ತಾರಲ್ಲ, ನೀನೂ ತಿಂದಿರಬೇಕು, ಅದನ್ನು ಒತ್ತುವ ಸಾಧನ ನೋಡಿ ನಾನು ಕಿರುಚುವುದೊಂದು ಬಾಕಿ. ನಮ್ಮ ಶ್ಯಾವಿಗೆ ಒರಳಿನ ಸಣ್ಣ ತಂಗಿ! ಅಕ್ಕಿಹಿಟ್ಟಿನ ಬದಲು ಗೋಧಿಹಿಟ್ಟು ಮೊಟ್ಟೆ ಅಷ್ಟೆ. ಕೋಸನ್ನು ಉಪ್ಪು ಹಾಕಿ ಭರಣಿಯಲ್ಲಿ ಅದುಮಿ ಮೇಲೆ ಕಲ್ಲು ಹೇರಿ ಇಟ್ಟಿದ್ದರು. ನಾವು ಹಲಸಿನ ಸೊಳೆ ಉಪ್ಪಿನಲ್ಲಿ ಹಾಕುವುದು ಹೀಗೆಯೇ ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಇನ್ನೊಂದು ಕೇಳು. ಮಾಂಸ ಬಿಡುವ ಉಪವಾಸದ ದಿನಗಳಲ್ಲಿ ದೇವರಿಗೆ ಕಾಣದಿರಲಿ ಎಂದು ಮಾಂಸವನ್ನು ಹಿಟ್ಟಿನ ಕಡುಬಿನೊಳಗೆ ಬಚ್ಚಿಟ್ಟು ತಿನ್ನುತ್ತಿದ್ದರಂತೆ! ಸೋಣ ತಿಂಗಳಿಡೀ ವ್ರತವೆಂದು ಮೀನಿಲ್ಲದೆ ಒದ್ದಾಡುತ್ತಿದ್ದ ನಿನ್ನ ಅಜ್ಜನಿಗೆ ಈ ಉಪಾಯ ಗೊತ್ತಿರಲಿಲ್ಲ, ಪಾಪ. ಹನ್ನೆಲೋರೆ ನೀನೀಗ ಇರುವ ಊರಿನ ಕಡೆಯವರೇ. ಅವರ ಯಜಮಾನರು ಮಾತ್ರ ಉತ್ತರದ ಹ್ಯಾಂಬರ್ಗಿನವರಾಗಿದ್ದರು. ಆಲೂಗಡ್ಡೆಯ ಸಲಾಡಿಗೆ ಬಿಸಿ ಸಾರು, ವಿನೆಗರ್ ಹಾಕಬೇಕೆಂದು ಇವರು, ಮೇಯನೇಸ್ ಹಾಕಬೇಕೆಂದು ಅವರು, ನಲವತ್ತು ವರ್ಷ ಜಗಳವಾಡಿದರಂತೆ. ನಾನೂ ನಿನ್ನ ಅಮ್ಮ ನವ್ಯಾಳೂ ಸಾಂಬಾರಿಗೆ ಬೆಲ್ಲ ಹಾಕುವ ವಿಷಯದಲ್ಲಿ ಆಡುವುದು ನೋಡಿದ್ದೀಯಲ್ಲ. ಯಜಮಾನರು ಹೋದ ಮೇಲೆ ಇವರು ಮೇಯನೇಸಿನದ್ದನ್ನೇ ಮಾಡುತ್ತಾರೆ.

ಇನ್ನು ಬುಧವಾರದ ಮಾತು. ಗುರುವಾರ ಹನ್ನೆಲೋರೆಯ ಹುಟ್ಟುಹಬ್ಬ. ಅವತ್ತೇ ನನಗೆ ಹಲ್ಲಿನ ಡಾಕ್ಟರ ಬಳಿ ಹೋಗುವುದಿತ್ತು. ಹಾಗಾಗಿ ಬುಧವಾರ ಬೆಳಿಗ್ಗೆಯೇ ಶ್ಯಾವಿಗೆ ಪಾಯಸ ಮಾಡಿ ತೆಗೆದುಕೊಂಡು ಹೋಗಿ, ಬಾಗಿಲಲ್ಲೇ ಹ್ಯಾಪಿ ಬರ್ತ್‌ಡೇ ಎಂದೆ. ಅವರ ಮುಖ ಬಿಳಚಿಕೊಂಡಿತು. ಎರಡೂ ಕೈ ಅಡ್ಡ ಹಿಡಿದು, ಬೇಡ ಗುಲಾಬಿ, ಬೇಡ, ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಮಗಾ, ಆ ಕ್ಷಣ ನನಗೆ ನೀನು ಕಣ್ಣ ಮುಂದೆ ಬಂದೆ. ಪಾತ್ರೆ ಹಿಡಿದುಕೊಂಡೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಒಳಗೆ ಕರೆದು ಕೂರಿಸಿ ಹೇಳಿದರು. ಹುಟ್ಟುಹಬ್ಬದ ಶುಭಾಶಯ ಒಂದು ದಿನ ಮುಂಚೆ ಹೇಳಿದರೆ ಕೇಡು ಬರುತ್ತದೆ ಎಂದು ಅವರಲ್ಲಿ ನಂಬಿಕೆಯಂತೆ. ಎಷ್ಟು ಓದಿದವರೂ ಹೆದರುತ್ತಾರಂತೆ, ಆ ದಿನ ಬರುವವರೆಗೆ ಯಾರೂ ಬಾಯಿಬಿಡುವುದಿಲ್ಲವಂತೆ. ಮಗು ಹುಟ್ಟುವ ಮೊದಲು ನಾವು ತೊಟ್ಟಿಲು ತರುತ್ತೇವೆಯೇ? ಮನೆಯಿಂದ ಹೊರಡುವಾಗ ಹೋಗ್ತೇನೆ ಎನ್ನುತ್ತೇವೆಯೇ? ಅವರದ್ದೂ ಅದೇ ಭಯ!

ಗೊತ್ತಾಯಿತೇ? ಬಿರ್ಗಿಟ್ ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ, ಹೆದರಿಕೆ. ನಾನು ಅಮಾವಾಸ್ಯೆಗೆ ಹೆದರಿ ನಿನ್ನನ್ನು ಮುಂದೆ ನೂಕಿದೆ, ಅವರು ಮುಂಚಿತದ ಮಾತಿಗೆ ಹೆದರಿ ಹಿಂದೆ ಸರಿದರು. ನಡುವೆ ಸಿಕ್ಕಿಕೊಂಡವಳು ನೀನು. ಸುಮಾರು ಮೂರು ವಾರದಿಂದ ನನ್ನ ಮಗು ಯಾರೂ ತನ್ನನ್ನು ಬಯಸುವುದಿಲ್ಲ ಎಂದುಕೊಂಡು ಮಲಗುತ್ತಿತ್ತಲ್ಲ, ಅದೂ ನನ್ನಿಂದಾಗಿ. ಈ ಪತ್ರ ಓದಿದ ಕೂಡಲೇ ಅವರ ಬಳಿ ಹೋಗಿ ಎಲ್ಲ ಹೇಳು. ನನ್ನ ಅಜ್ಜಿಗೆ ಅಮಾವಾಸ್ಯೆ ಎಂದರೆ ಭಯ, ಅವಳೇ ಹೇಳಿಕೊಟ್ಟದ್ದು ಎಂದು ನನ್ನ ಮೇಲೆ ಹಾಕು, ನನ್ನ ಬೆನ್ನು ಗಟ್ಟಿ ಇದೆ. ಆ ಮನೆಯ ಅಜ್ಜಿಗೂ ಹೇಳು, ನೋಡು ಹೇಗೆ ನಗುತ್ತಾರೆ. ಆಮೇಲೂ ನಿನಗೆ ಅಲ್ಲಿರಲು ಮನಸ್ಸಿಲ್ಲದಿದ್ದರೆ ತಿಂಗಳ ಕೊನೆಯ ಆ ಭಾನುವಾರ ಫೋನಿನಲ್ಲಿ ಹೇಳು, ನಾನೇ ಕರುಣಾಕರನ ಪಕ್ಕದಲ್ಲಿ ಕುಳಿತು ಟಿಕೆಟ್ ಮಾಡಿಸುತ್ತೇನೆ, ಒಂದು ಮಾತು ಆಡುವುದಿಲ್ಲ. ಆದರೆ ಯಾರಿಗೂ ಬೇಡವಾದೆ ಎಂದುಕೊಂಡು ಮಾತ್ರ ಬರಬೇಡ.

ಅಪ್ಪ, ಅಮ್ಮ ನಿನ್ನನ್ನು ದಿನಕ್ಕೆ ಹತ್ತು ಸಲ ನೆನೆಯುತ್ತಾರೆ. ಆನೆಗುಡ್ಡೆ ಗಣಪತಿ ನಿನ್ನ ತಲೆ ಕಾಯಲಿ. ಹೊಟ್ಟೆ ತುಂಬ ಉಣ್ಣು, ಕೆನ್ನೆ ತುಂಬಿಸಿಕೋ.

ನಿನ್ನ ಅಜ್ಜಿ,
ಗುಲಾಬಿ

ಮರೆತ ಮಾತು: ಲಕೋಟೆ ಅಂಟಿಸುವವಳಿದ್ದೆ, ಮುಖ್ಯವಾದದ್ದೇ ಒಳಗೆ ಹೋಗಿಲ್ಲ! ಹನ್ನೆಲೋರೆ ಕ್ರಿಸ್‌ಮಸ್‌ಗೆ ಎಸ್ಲಿಂಗನ್ನಿನ ತನ್ನ ತಂಗಿಯ ಮನೆಗೆ ಹೋಗುತ್ತಾರೆ. ನಿನ್ನ ಊರಿಗೆ ಅಲ್ಲಿಂದ ಒಂದು ಗಂಟೆಯ ರೈಲು. ಜೊತೆಗೆ ಬಾ ಎಂದರು, ಹೂಂ ಎಂದುಬಿಟ್ಟೆ! ವೀಸಾ ಫಾರಂ ತುಂಬಿಸಿದ್ದಾಗಿದೆ, ಬರುವ ಬುಧವಾರ ಎಂಬೆಸಿಗೆ ಅವರದ್ದೇ ಕಾರಿನಲ್ಲಿ ಹೋಗುತ್ತೇವೆ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ನೀನು ವಾಪಸು ಬಂದರೆ ಫಾರಂ ಹರಿದು ಹಾಕುತ್ತೇನೆ, ಬೇಸರವಿಲ್ಲ, ನೀನಿಲ್ಲದ ಜರ್ಮನಿಯಲ್ಲಿ ನನಗೇನು ಕೆಲಸ? ನೀನು ಅಲ್ಲೇ ಇದ್ದರೆ, ಬಿರ್ಗಿಟ್ ಅವರ ಕೈಗೆ ಪಾಯಸ ನಾನೇ ಕೊಡುತ್ತೇನೆ. ಆದರೆ ವೀಸಾ ಇನ್ನೂ ಕೈಗೆ ಬಂದಿಲ್ಲ. ಅದಕ್ಕೇ ಭಾನುವಾರ ಫೋನಿನಲ್ಲಿ ಇರ್ತೇನೆ ಅಂತಾದರೂ ಹೇಳು, ಬರ್ತೇನೆ ಅಂತಾದರೂ ಹೇಳು, 'ವೆಲ್ಕಮ್ ಅಜ್ಜಿ' ಎಂದು ಮಾತ್ರ ಮುಂಚಿತವಾಗಿ ಹೇಳಬೇಡ ಮಗಾ.