ಥಿನ್ನರ್ ಡಬ್ಬ ತೊಳೆಯುವ ಕೆಲಸ

ಪ್ರೀತಿಯ ಅಪ್ಪನಿಗೆ,

ಫೋನಿರುವಾಗ ಪತ್ರ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಫೋನಿನಲ್ಲಿ ಅಣ್ಣನ ಮಾತೆತ್ತಿದರೆ ನೀವು ‘ಊಟ ಆಯ್ತೇನಮ್ಮ’ ಎಂದು ಕೇಳಿ ಇಟ್ಟುಬಿಡುತ್ತೀರಿ.

ಹಳೆಯ ವಸ್ತುಗಳ ಮರುಬಳಕೆಯ ಬಗ್ಗೆ ನಮ್ಮ ಕಾಲೇಜಿನಲ್ಲಿ ನಡೆಯುವ ಸರ್ಕ್ಯುಲರ್ ಎಕಾನಮಿ ಸೆಮಿನಾರಿಗೆ ಅತಿಥಿಯಾಗಿ ಬರಲು ಒಪ್ಪಿದಿರಂತೆ. ನಮ್ಮ ಗುಜರಿ ಅಂಗಡಿಯ ಫೋಟೋ ಆಗಲೇ ಪೋಸ್ಟರಿನಲ್ಲಿದೆ. ‘ಪೇಂಟ್ ಥಿನ್ನರ್ ಡಬ್ಬಾನೂ ತೊಳೆದು ಮತ್ತೆ ಮಾರ್ತಾರಂತೆ, ಏನೂ ವೇಸ್ಟ್ ಇಲ್ಲ. ಪರಿಚಯ ನೀನೇ ಮಾಡ್ಕೊಡು’ ಎಂದರು ಮೇಡಂ. ‘ನಿಮ್ಮಪ್ಪ ಹೀರೋ ಕಣೇ’ ಎನ್ನುತ್ತಾಳೆ ರೂಮ್‌ಮೇಟ್. ನಾನೂ ಒಪ್ಪಿಕೊಂಡುಬಿಟ್ಟೆ.

ಆ ಡಬ್ಬಗಳನ್ನು ತೊಳೆಯುತ್ತಲೇ ಅಣ್ಣನಿಗೆ ಥಿನ್ನರ್ ಮೂಸುವ ಚಟ ಹತ್ತಿದ್ದು. ನಮ್ಮ ಕ್ಲಾಸಿನಲ್ಲಿರುವ ಡಾಕ್ಟರ ಮಗನಿಗೂ ಅಂಥದ್ದೇ ಚಟವಿತ್ತು. ಮನೆಯವರು ಆಸ್ಪತ್ರೆಗೆ ಸೇರಿಸಿದರು. ಈಗ ಮೆಸ್ಸಿನಲ್ಲಿ ನನ್ನೆದುರೇ ಕೂತು ಉಣ್ಣುತ್ತಾನೆ, ಅವನನ್ನು ಯಾರೂ ಕಳ್ಳನಂತೆ ನೋಡುವುದಿಲ್ಲ. ಅಣ್ಣನನ್ನು ನಾವು ಶೆಡ್ಡಿನಲ್ಲಿ ಕೂಡಿಹಾಕಿದೆವು, ಅವನು ತೀರಿಹೋದಾಗ ಎಲ್ಲರಿಗೂ ಹಾರ್ಟ್ ಅಟ್ಯಾಕ್ ಎಂದೆವು. ನಿಮ್ಮನ್ನು ಬೈಯುತ್ತಿಲ್ಲಪ್ಪ, ಬೇರೆ ದಾರಿ ಹೇಳುವವರು ನಮಗೆ ಯಾರೂ ಇರಲಿಲ್ಲ.

ಈಗ ಅದೇ ಕೆಲಸಕ್ಕೆ ತಮ್ಮ ಕೂತಿದ್ದಾನೆಂದು ಅಮ್ಮ ಹೇಳಿದಳು. ‘ತಲೆನೋವು ಅಂತಾನೆ, ಆದ್ರೂ ಶೆಡ್ ಬಿಟ್ಟು ಏಳಲ್ಲ’ ಎಂದಳು. ಕೇಳಿದಾಗಿನಿಂದ ನನಗೆ ಓದು ತಲೆಗೆ ಹತ್ತುತ್ತಿಲ್ಲ.

ಅವನನ್ನು ಡಬ್ಬಗಳ ಹತ್ತಿರ ಬಿಡಬೇಡಿ. ಪೇಪರೋ ಕಬ್ಬಿಣವೋ ತೂಗಲಿ. ತಮ್ಮನನ್ನು ತೋರಿಸಲು, ಆ ಡಾಕ್ಟರ ಮಗ ಹೋದ ಆಸ್ಪತ್ರೆ ಯಾವುದೆಂದು ನಾನು ವಿಚಾರಿಸುತ್ತೇನೆ. ಇಷ್ಟು ನಡೆಸಿಕೊಟ್ಟರೆ ವೇದಿಕೆಯ ಮೇಲೆ ನೀವು ಹೇಗೆ ಹೇಳುತ್ತೀರೋ ಹಾಗೆಯೇ ನಿಮ್ಮ ಪರಿಚಯ ಮಾಡಿಕೊಡುತ್ತೇನೆ. ಯಾರಾದರೂ ಅಣ್ಣನ ಬಗ್ಗೆ ಕೇಳಿದರೆ ಹಾರ್ಟ್ ಅಟ್ಯಾಕ್ ಎಂದೇ ಹೇಳುತ್ತೇನೆ.

ಬೇಗ ಉತ್ತರ ಬರೆಯಿರಿ.

ನಿಮ್ಮ ಮಗಳು